ಕೆಳಗಿನಿಂದ ಬಂದ ಕನಿಕರ

ಟಾಮ್ ರಾಬಿನ್ಸನ್‌ನ ಹಣೆಬರಹ ನಿರ್ಧಾರವಾದದ್ದು ಅವನು ಆಡಿದ ಒಂದು ಒಳ್ಳೆಯ ಮಾತಿನಿಂದ. ಹಾರ್ಪರ್ ಲೀ ಬರೆದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯ ಕೋರ್ಟಿನ ಪ್ರಸಂಗ ಅದು. ಅಮೆರಿಕದ ಅಲಬಾಮ ರಾಜ್ಯ, ಮೇಕಂಬ್ ಎಂಬ ಕಲ್ಪಿತ ಊರು, 1935ರ ಬೇಸಿಗೆ. ಬಿಳಿಯರ ಹುಡುಗಿ ಮೇಯೆಲ್ಲಾ ಯೂಯೆಲ್‌ಳ ಮೇಲೆ ಅತ್ಯಾಚಾರ ಮಾಡಿದ ಆರೋಪ ಹೊತ್ತು ಟಾಮ್ ಕಟಕಟೆಯಲ್ಲಿ ನಿಂತಿದ್ದಾನೆ. ಚಿಕ್ಕಂದಿನಲ್ಲಿ ಹತ್ತಿ ಹಿಂಜುವ ಯಂತ್ರಕ್ಕೆ ಸಿಕ್ಕಿ ಅವನ ಎಡಗೈ ನಿಷ್ಪ್ರಯೋಜಕವಾಗಿದೆ. ಮೇಯೆಲ್ಲಾಳ ಮುಖದಲ್ಲಿ ಬಾಸುಂಡೆ ಎದ್ದಿರುವುದು ಬಲಭಾಗದಲ್ಲಿ. ಎಡಗೈಯಲ್ಲಿ ಹೊಡೆಯಬಲ್ಲ ಮನುಷ್ಯ ಅವಳ ಅಪ್ಪ ಬಾಬ್ ಯೂಯೆಲ್. ಕಣ್ಣಿದ್ದವರಿಗೆಲ್ಲ ಸತ್ಯ ಕಾಣುವಂತಿದೆ. ಆಗ ಸರ್ಕಾರಿ ವಕೀಲ ಒಂದು ಪ್ರಶ್ನೆ ಎಸೆಯುತ್ತಾನೆ: ಒಂದು ಕಾಸೂ ತೆಗೆದುಕೊಳ್ಳದೆ ಆ ಹುಡುಗಿಯ ಮನೆಗೆಲಸಕ್ಕೆ ಕೈಹಚ್ಚುತ್ತಿದ್ದೆಯಲ್ಲ, ಯಾಕೆ? ಪಾಪ ಅನ್ನಿಸುತ್ತಿತ್ತು, ಮನೆಯವರೆಲ್ಲ ಸೇರಿ ಮಾಡುವುದಕ್ಕಿಂತ ಅವಳೊಬ್ಬಳೇ ಹೆಚ್ಚು ಒದ್ದಾಡುತ್ತಿದ್ದಳು ಎಂಬರ್ಥದ ಉತ್ತರ ಕೊಡುತ್ತಾನೆ ಟಾಮ್. ಅಷ್ಟಕ್ಕೇ ಕೋರ್ಟಿನ ಗಾಳಿ ಬದಲಾಗುತ್ತದೆ. ಕಪ್ಪು ಮನುಷ್ಯನೊಬ್ಬ ಬಿಳಿಯ ಹೆಣ್ಣಿಗೆ ಕನಿಕರ ತೋರಿಸಿದ್ದಾನೆ. ಅಲ್ಲಿ ಕೂತವರ ಪಾಲಿಗೆ ಅದು ಆರೋಪಕ್ಕಿಂತ ದೊಡ್ಡ ಅಪರಾಧ.

ಎಂಬತ್ತರ ದಶಕದ ಆರಂಭದಲ್ಲಿ, ಶಿವಮೊಗ್ಗದಲ್ಲಿ ಬಿ.ಎ. ಓದುತ್ತಿದ್ದಾಗ ನಾನು ಈ ಪುಟಗಳನ್ನು ಮೊದಲು ಓದಿದೆ. ಕಾಲೇಜಿನ ಗ್ರಂಥಾಲಯದ ಪ್ರತಿ. ರಟ್ಟು ಕಿತ್ತುಹೋಗಿ ದಾರದಲ್ಲಿ ಹೊಲಿದಿದ್ದರು. ಅಲಬಾಮ ಎಲ್ಲಿದೆ ಎಂದು ಭೂಪಟದಲ್ಲಿ ಹುಡುಕಿಕೊಂಡಿದ್ದೆ. ಕಮೇಲಿಯಾ ಹೂವು ಹೇಗಿರುತ್ತದೋ, ಹ್ಯಾಲೋವೀನ್ ಎಂಥ ಹಬ್ಬವೋ ಗೊತ್ತಿರಲಿಲ್ಲ. ಇಂಗ್ಲಿಷಿನ ಆಡುಮಾತು ಎಷ್ಟೋ ಕಡೆ ತೊಡಕಾಗಿ, ಒಂದೊಂದು ವಾಕ್ಯವನ್ನು ಮತ್ತೆ ಮತ್ತೆ ಓದಿಕೊಳ್ಳಬೇಕಾಗುತ್ತಿತ್ತು. ಟಾಮ್‌ನ ಆ ಉತ್ತರ ಮಾತ್ರ ಯಾವ ವಿವರಣೆಯೂ ಬೇಡದೆ ನೇರ ಎದೆಗೆ ಬಂತು. ಆ ಕೋರ್ಟಿನಲ್ಲಿ ಎದ್ದ ಸಿಟ್ಟಿನ ಬಿಸಿ ನನಗೆ ಗೊತ್ತಿತ್ತು. ಅದನ್ನು ನಮ್ಮ ಮನೆಯ ಹಿತ್ತಲಲ್ಲಿ ಕಂಡಿದ್ದೆ.

ನನ್ನ ಅಪ್ಪ ಮಲೆನಾಡಿನ ಒಂದು ತಾಲ್ಲೂಕು ಊರಿನಲ್ಲಿ ವಕೀಲರು. ಮನೆಯ ಜಗುಲಿಯೇ ಅವರ ಕಚೇರಿ. ಬೆಳಗಾದರೆ ಕಕ್ಷಿದಾರರು ಬಂದು ಕೂರುತ್ತಿದ್ದರು. ಗೇಣಿ ಜಮೀನಿನ ವ್ಯಾಜ್ಯ, ಹಿಸ್ಸೆ, ಬೇಲಿ ಒತ್ತುವರಿ, ಜೀವನಾಂಶ. ಬಡವರಿಂದ ಅಪ್ಪ ಫೀಸು ಕೇಳುತ್ತಿರಲಿಲ್ಲ. ಬಾಳೆಗೊನೆಯೋ ಜೇನುತುಪ್ಪವೋ ಒಂದು ಮೂಲೆಯಲ್ಲಿ ಬಂದು ಕೂರುತ್ತಿತ್ತು. ಅವರನ್ನು ಊರು ನ್ಯಾಯಸ್ಥ ಎಂದು ಕರೆಯುತ್ತಿತ್ತು, ಅದರಲ್ಲಿ ಸುಳ್ಳಿರಲಿಲ್ಲ.

ಅದೇ ಮನೆಯ ಹಿಂಭಾಗದಲ್ಲಿ ಅಪ್ಪನ ಚಿಕ್ಕಮ್ಮ ಇದ್ದರು. ಬಾಲ್ಯದಲ್ಲೇ ಗಂಡ ತೀರಿಕೊಂಡು ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟವರು. ಶುಭಕಾರ್ಯದ ದಿನ ಅವರು ಎದುರಿಗೆ ಬರುವಂತಿರಲಿಲ್ಲ. ಹಿತ್ತಿಲ ಬಾಗಿಲ ಹೊಸ್ತಿಲ ಬಳಿ ಕೂತು ಬತ್ತಿ ಹೊಸೆಯುವುದು ಅವರ ದಿನಚರಿ. ಕೊಟ್ಟಿಗೆ ಕೆಲಸಕ್ಕೆ ಕೇರಿಯಿಂದ ಒಬ್ಬಾಕೆ ಬರುತ್ತಿದ್ದಳು. ಸಗಣಿ ಬಾಚಿ, ಅಂಗಳ ಸಾರಿಸಿ, ಸೊಪ್ಪು ಹಾಕಿ ಹೋಗುವ ಮುನ್ನ ದೂರ ನಿಂತೇ ಚಿಕ್ಕಜ್ಜಿಯ ಜೊತೆ ನಾಲ್ಕು ಮಾತಾಡುತ್ತಿದ್ದಳು. ಇಡೀ ಮನೆಯಲ್ಲಿ ಆ ಮುದುಕಿಯನ್ನು ದಿನವೂ ವಿಚಾರಿಸಿಕೊಳ್ಳುತ್ತಿದ್ದವಳು ಅವಳೊಬ್ಬಳೇ. ಒಂದು ದಿನ ಅಜ್ಜಿ ಹಿತ್ತಲಿಗೆ ಬಂದಾಗ ಆಕೆ ಹೇಳಿಬಿಟ್ಟಳು: “ಪಾಪ, ಚಿಕ್ಕಮ್ಮೋರನ್ನ ಮಾತಾಡ್ಸೋರೇ ಯಾರೂ ಇಲ್ಲ.”

ಅವಳ ದನಿಯಲ್ಲಿ ಕುಹಕವಿರಲಿಲ್ಲ. ಇದ್ದದ್ದು ಸಂಕಟ. ಅಜ್ಜಿಯ ಮುಖ ಕೆಂಪಾಯಿತು. “ನಿನ್ನ ಕನಿಕರ ನಮ್ಮನೆಗೆ ಬೇಕಾ?” ಎಂದರು. ಒಳಗಿನಿಂದ ದೊಡ್ಡಪ್ಪ ಬಂದರು, ಅತ್ತೆ ಬಂದರು. ಸಗಣಿ ಬಾಚುವವಳು ನಮ್ಮ ಮನೆಯ ಹೆಣ್ಣಿಗೆ ಪಾಪ ಅನ್ನುವಷ್ಟು ಮುಂದುವರಿದಳು ಎಂಬ ಮಾತು ಅಡುಗೆಮನೆಯಿಂದ ಜಗುಲಿಯವರೆಗೂ ಓಡಾಡಿತು. ಮರುದಿನದಿಂದ ಅವಳು ಬರಲಿಲ್ಲ. ಅಪ್ಪ ಆ ಹೊತ್ತು ಜಗುಲಿಯಲ್ಲೇ ಇದ್ದರು. ಒಂದು ಅರ್ಜಿ ತಿದ್ದುತ್ತಿದ್ದರು. ಎಲ್ಲವೂ ಅವರ ಕಿವಿಗೆ ಬಿತ್ತು. ಅವರು ತಲೆ ಎತ್ತಲಿಲ್ಲ.

ಆಗ ನಾನಿನ್ನೂ ಪ್ರೈಮರಿ ಶಾಲೆಯ ಹುಡುಗಿ. ನಡೆದದ್ದಕ್ಕೆ ಹೆಸರು ಕೊಡುವ ವಯಸ್ಸಲ್ಲ. ಹೆಸರು ಕೊಟ್ಟದ್ದು ಮೇಕಂಬ್‌ನ ಕೋರ್ಟು. ಮೇಲು ಕೀಳಿನ ಲೆಕ್ಕದ ಮೇಲೆ ನಿಂತ ಸಮಾಜ ಕೆಳಗಿನವರ ದುಡಿಮೆ, ನಿಷ್ಠೆ, ಕೃತಜ್ಞತೆ ಎಲ್ಲವನ್ನೂ ಒಪ್ಪಿಕೊಳ್ಳುತ್ತದೆ, ಅವರ ಸಿಟ್ಟನ್ನು ಪೊಲೀಸರಿಗೆ ಒಪ್ಪಿಸುತ್ತದೆ. ಅದಕ್ಕೆ ತಡೆದುಕೊಳ್ಳಲಾಗದೇ ಇರುವುದು ಅವರ ಕನಿಕರ. ಯಾಕೆಂದರೆ ಕನಿಕರಿಸುವವನು ಆ ಗಳಿಗೆಯಲ್ಲಿ ಎದುರಿನವರ ಕಣ್ಣಿಗೆ ಕಣ್ಣಿಟ್ಟು ನೋಡಿರುತ್ತಾನೆ. ನೀನೂ ನನ್ನಂತೆಯೇ ನೋಯುವ ಜೀವ ಎಂದು ಗುರುತಿಸಿರುತ್ತಾನೆ. ಮೇಯೆಲ್ಲಾ ಊರ ಕಸ ಸುರಿಯುವ ಜಾಗದ ಹಿಂದೆ ಮುರುಕು ಗುಡಿಸಲಲ್ಲಿ ಬದುಕುವವಳು. ಒಡಕು ಪಾತ್ರೆಗಳಲ್ಲಿ ಕೆಂಪು ಜೆರೇನಿಯಂ ಹೂವು ಬೆಳೆಸಿಕೊಂಡಿದ್ದಾಳೆ. ಗೆಳತಿ ಎಂಬ ಜೀವವೇ ಇಲ್ಲ. ಕೋರ್ಟಿನಲ್ಲಿ ಟಾಮ್ ಪರ ವಕೀಲ ಆ್ಯಟಿಕಸ್ ಫಿಂಚ್ ಗೌರವದಿಂದ ಮಾತಾಡಿಸಿದರೆ ಗೇಲಿ ಮಾಡುತ್ತಿದ್ದಾನೆಂದು ಅಳುತ್ತಾಳೆ. ಅಷ್ಟು ಅಪರೂಪ ಅವಳಿಗೆ ಗೌರವ. ಅವಳ ಒಂಟಿತನವನ್ನು ಕಂಡವನು ಇಡೀ ಕೌಂಟಿಯಲ್ಲಿ ಟಾಮ್ ಒಬ್ಬನೇ. ಅದನ್ನು ಕಂಡದ್ದಕ್ಕೇ ಅವನು ಸಾಯಬೇಕಾಯಿತು.

ಹಾರ್ಪರ್ ಲೀ ಹುಟ್ಟಿದ್ದು 1926ರಲ್ಲಿ, ಅಲಬಾಮದ ಮನ್ರೋವಿಲ್ ಎಂಬ ಪುಟ್ಟ ಊರಿನಲ್ಲಿ. ಅವರ ತಂದೆ ಅಮಾಸಾ ಕೋಲ್‌ಮನ್ ಲೀ ವಕೀಲರು, ಸ್ಥಳೀಯ ಪತ್ರಿಕೆಯ ಸಂಪಾದಕರು, ರಾಜ್ಯದ ಶಾಸಕರೂ ಆಗಿದ್ದವರು. 1919ರಲ್ಲಿ ಕೊಲೆ ಆರೋಪ ಹೊತ್ತ ಇಬ್ಬರು ಕಪ್ಪು ಜನರ ಪರ ಅವರು ವಾದಿಸಿದ್ದರು, ಇಬ್ಬರಿಗೂ ಗಲ್ಲಾಯಿತು. ಪಕ್ಕದ ಮನೆಯಲ್ಲಿ ನೆಂಟರ ಜೊತೆ ಬೆಳೆಯುತ್ತಿದ್ದ ಹುಡುಗನೇ ಮುಂದೆ ಲೇಖಕನಾದ ಟ್ರೂಮನ್ ಕಪೋಟಿ. ಕಾದಂಬರಿಯ ಡಿಲ್ ಎಂಬ ಮಾತಿನಮಲ್ಲ ಹುಡುಗ ಹುಟ್ಟಿದ್ದು ಅವನಿಂದ. ಆ ಮಕ್ಕಳು ಬೆಳೆಯುತ್ತಿದ್ದ ಕಾಲದ ಅಲಬಾಮವನ್ನು ಸ್ಕಾಟ್ಸ್‌ಬರೋ ಮೊಕದ್ದಮೆ ಅಲುಗಿಸಿತ್ತು. 1931ರ ಮಾರ್ಚಿನಲ್ಲಿ ಗೂಡ್ಸ್ ರೈಲಿನಲ್ಲಿ ಹೋಗುತ್ತಿದ್ದ ಒಂಬತ್ತು ಕಪ್ಪು ಹುಡುಗರ ಮೇಲೆ ಇಬ್ಬರು ಬಿಳಿಯ ಯುವತಿಯರು ಅತ್ಯಾಚಾರದ ಆರೋಪ ಹೊರಿಸಿದರು. ಕೆಲವೇ ದಿನಗಳಲ್ಲಿ ಎಂಟು ಮಂದಿಗೆ ಮರಣದಂಡನೆ ವಿಧಿಸಲಾಯಿತು. ಮುಂದೆ ಆ ಯುವತಿಯರಲ್ಲಿ ಒಬ್ಬಳು ಆರೋಪ ಸುಳ್ಳೆಂದು ಕೋರ್ಟಿನಲ್ಲೇ ಹೇಳಿದರೂ ಮರುವಿಚಾರಣೆಗೆ ಬಂದ ಹುಡುಗನನ್ನು ಜ್ಯೂರಿ ಮತ್ತೆ ತಪ್ಪಿತಸ್ಥನೆಂದೇ ತೀರ್ಮಾನಿಸಿತು. ಆ ತೀರ್ಮಾನವನ್ನು 1933ರಲ್ಲಿ ಬದಿಗಿಟ್ಟ ನ್ಯಾಯಾಧೀಶ ಜೇಮ್ಸ್ ಹಾರ್ಟನ್ ಮರುವರ್ಷದ ಚುನಾವಣೆಯಲ್ಲಿ ಸೋತರು. ಅದೇ ಹೊತ್ತಿಗೆ ಮನ್ರೋವಿಲ್‌ನಲ್ಲೇ ವಾಲ್ಟರ್ ಲೆಟ್ ಎಂಬ ಕಪ್ಪು ಕೂಲಿಯಾಳಿಗೆ ಇಂಥದೇ ಆರೋಪದ ಮೇಲೆ ಮರಣದಂಡನೆಯಾಗಿ, ಬಳಿಕ ಅದು ಜೀವಾವಧಿಗೆ ಇಳಿಯಿತು. ಟಾಮ್ ರಾಬಿನ್ಸನ್ ಕಲ್ಪನೆಯ ಮನುಷ್ಯ. ಅವನ ಸುತ್ತಲಿನ ಗೋಡೆಗಳು ಕಲ್ಪನೆಯವಲ್ಲ.

1960ರ ಜುಲೈಯಲ್ಲಿ ಪುಸ್ತಕ ಹೊರಬಂತು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. 1962ರಲ್ಲಿ ಗ್ರೆಗರಿ ಪೆಕ್ ಆ್ಯಟಿಕಸ್ ಆಗಿ ನಟಿಸಿದ ಸಿನಿಮಾ ಬಂದ ಮೇಲೆ ಜಗತ್ತು ಆ ವಕೀಲನನ್ನು ಧೈರ್ಯಕ್ಕೊಂದು ಪ್ರತಿಮೆಯಾಗಿ ಕಟೆದಿಟ್ಟುಕೊಂಡಿತು. ನನ್ನನ್ನು ಹಿಡಿದದ್ದು ಮಾತ್ರ ಅವನ ಮಕ್ಕಳು. ಅಣ್ಣ ಜೆಮ್, ತಂಗಿ ಸ್ಕೌಟ್. ಕಥೆ ಹೇಳುವವಳು ಸ್ಕೌಟ್. ಶುರುವಿನಲ್ಲಿ ಅವಳಿಗೆ ಆರು ತುಂಬಿಲ್ಲ. ಅವರ ಬೇಸಿಗೆಗಳೆಲ್ಲ ಮನೆಯಿಂದ ಹೊರಗೆ ಬಾರದ ನೆರೆಯಾತ ಬೂ ರ್ಯಾಡ್ಲಿಯ ಸುತ್ತ ಸುತ್ತುತ್ತವೆ. ಮಕ್ಕಳ ಕಣ್ಣಿಗೆ ಅವನೊಂದು ಭೂತ. ಆ ಭೂತ ಓಕ್ ಮರದ ಪೊಟರೆಯಲ್ಲಿ ಮಕ್ಕಳಿಗಾಗಿ ಚೂಯಿಂಗ್ ಗಮ್, ಹಳೆಯ ಕಾಸು, ಸೋಪಿನಲ್ಲಿ ಕೆತ್ತಿದ ಗೊಂಬೆ ಇಡುತ್ತಾ ಹೋಗುತ್ತದೆ. ಒಂದು ದಿನ ಬೂನ ಅಣ್ಣ ಬಂದು ಪೊಟರೆಗೆ ಸಿಮೆಂಟ್ ಬಳಿದುಬಿಡುತ್ತಾನೆ. ಆ ಸಂಜೆ ಜೆಮ್ ಹೊರಗೆ ನಿಂತು ಒಬ್ಬನೇ ಅಳುತ್ತಾನೆ. ಕಾದಂಬರಿಯಲ್ಲಿ ಮುಗ್ಧತೆ ಕಳೆಯುವುದು ಕೋರ್ಟಿಗೂ ಮೊದಲೇ, ಆ ಮರದ ಬುಡದಲ್ಲಿ. ದೊಡ್ಡವರು ಕಾರಣ ಕೊಟ್ಟು ಒಳ್ಳೆಯತನದ ಬಾಯಿ ಮುಚ್ಚಬಲ್ಲರು ಎಂದು ಆ ಹುಡುಗನಿಗೆ ಮೊದಲ ಬಾರಿ ತಿಳಿಯುತ್ತದೆ.

ಪೂರ್ವಗ್ರಹವನ್ನು ರಾಕ್ಷಸರ ಕೈಗೆ ಕೊಟ್ಟು ನುಣುಚಿಕೊಳ್ಳುವುದು ಸುಲಭ. ಲೀ ಹಾಗೆ ಮಾಡಲಿಲ್ಲ. ಸ್ಕೌಟ್‌ಳ ಶಿಕ್ಷಕಿ ತರಗತಿಯಲ್ಲಿ ಹಿಟ್ಲರ್ ಯಹೂದಿಗಳನ್ನು ಹಿಂಸಿಸುವುದನ್ನು ಖಂಡಿಸಿ, ನಮ್ಮದು ಪ್ರಜಾಪ್ರಭುತ್ವ ಎಂದು ಹೆಮ್ಮೆಯಿಂದ ಪಾಠ ಮಾಡುತ್ತಾರೆ. ಅದೇ ಶಿಕ್ಷಕಿ ಕೋರ್ಟಿನ ಮೆಟ್ಟಿಲು ಇಳಿಯುವಾಗ, ಕಪ್ಪು ಜನಕ್ಕೆ ಯಾರಾದರೂ ಬುದ್ಧಿ ಕಲಿಸಲೇಬೇಕಿತ್ತು ಎಂಬರ್ಥದ ಮಾತಾಡಿದ್ದು ಸ್ಕೌಟ್‌ಳ ಕಿವಿಗೆ ಬಿದ್ದಿರುತ್ತದೆ. ಚಹಾಕೂಟಕ್ಕೆ ಸೇರಿದ ಚರ್ಚಿನ ಹೆಂಗಸರು ದೂರದ ಬುಡಕಟ್ಟಿನ ಜನರ ಕಷ್ಟಕ್ಕೆ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ, ತಮ್ಮ ಮನೆಯ ಅಡುಗೆಯಾಕೆ ಟಾಮ್‌ಗಾಗಿ ಮುಖ ಸಪ್ಪಗೆ ಮಾಡಿಕೊಂಡದ್ದನ್ನು ಮಾತ್ರ ದೂರುತ್ತಾರೆ. ಸ್ಕೌಟ್ ಕೂಡ ಇದರಿಂದ ಹೊರಗಿಲ್ಲ. ಸರ್ಕಾರಿ ವಕೀಲ ಟಾಮ್‌ನನ್ನು ತುಚ್ಛವಾಗಿ ಮಾತಾಡಿಸುವುದನ್ನು ನೋಡಲಾಗದೆ ಡಿಲ್ ಬಿಕ್ಕುತ್ತಿದ್ದರೆ, ಅವನು ಎಷ್ಟಾದರೂ ನೀಗ್ರೋ ತಾನೇ ಎಂದು ಅವನನ್ನು ಸಮಾಧಾನಪಡಿಸುವವಳು ಅವಳೇ. ಮಕ್ಕಳು ಶುದ್ಧರಾಗಿ ಹುಟ್ಟಿ ಆಮೇಲೆ ಕೆಡುತ್ತಾರೆಂದು ನಂಬುವವರು ಆ ಪುಟವನ್ನು ಓದಬೇಕು. ಎಂಟು ವರ್ಷದ ಮಗುವಿನ ನಾಲಿಗೆಯ ಮೇಲೆ ಊರು ಆಗಲೇ ಕೂತಿದೆ. ಅವಳು ಕಲಿಯಬೇಕಾದದ್ದಕ್ಕಿಂತ ಕಳಚಿಕೊಳ್ಳಬೇಕಾದದ್ದೇ ಹೆಚ್ಚು.

ತೀರ್ಪಿನ ಮಾರನೆಯ ಬೆಳಗಿನ ವಿವರಗಳನ್ನು ನಾನು ಈಗಲೂ ತೆಗೆದು ಓದುತ್ತೇನೆ. ಟಾಮ್ ತಪ್ಪಿತಸ್ಥನೆಂದು ಜ್ಯೂರಿ ಹೇಳಿಯಾಗಿದೆ. ಆ್ಯಟಿಕಸ್‌ನ ಮನೆಯ ಹಿಂಬಾಗಿಲ ಮೆಟ್ಟಿಲ ಮೇಲೆ ಕಪ್ಪು ಜನ ಕೋಳಿ, ಮಾಂಸ, ತರಕಾರಿ ತಂದಿಟ್ಟು ಹೋಗಿದ್ದಾರೆ. ಹೊಟ್ಟೆಗೆ ಇಲ್ಲದ ಕಾಲ ಅದು. ನೆರೆಮನೆಯ ಮಿಸ್ ಮೌಡಿ ಮಕ್ಕಳನ್ನು ಕೇಕ್ ತಿನ್ನಲು ಕರೆಯುತ್ತಾರೆ. ಯಾವಾಗಲೂ ಮೂರು ಮಕ್ಕಳಿಗೆ ಮೂರು ಪುಟ್ಟ ಕೇಕ್. ಅಂದು ಪುಟ್ಟವು ಎರಡೇ. ಜೆಮ್‌ಗೆ ದೊಡ್ಡ ಕೇಕಿನಿಂದ ಒಂದು ತುಂಡು ಕತ್ತರಿಸಿ ಕೊಡುತ್ತಾರೆ. ನೀನಿನ್ನು ಮಕ್ಕಳ ಸಾಲಿನಲ್ಲಿಲ್ಲ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ತನ್ನ ಊರಿನವರಷ್ಟು ಒಳ್ಳೆಯವರು ಲೋಕದಲ್ಲಿಲ್ಲ ಎಂದು ಇಷ್ಟು ದಿನ ನಂಬಿದ್ದೆ ಅನ್ನುತ್ತಾನೆ ಜೆಮ್. ಈ ನಂಬಿಕೆ ಮುರಿದದ್ದೇ ಅವನ ನಿಜವಾದ ಗಾಯ. ಟಾಮ್‌ನನ್ನು ಅಪರಾಧಿ ಎಂದ ಹನ್ನೆರಡು ಜನ ಜೆಮ್‌ನದೇ ಸೀಮೆಯ ಮಂದಿ. ಅವನು ಅವರ ನಡುವೆಯೇ ಬಾಳಬೇಕು.

ರಜೆಗೆ ಊರಿಗೆ ಹೋದಾಗ ಕಥೆಯನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು, ಕಕ್ಷಿದಾರನ ಅಹವಾಲು ಕೇಳುವ ಗಾಂಭೀರ್ಯದಲ್ಲಿ ಕೇಳಿದರು. ಎಡಗೈಯ ಸಾಕ್ಷ್ಯ ಬಂದಾಗ ತಲೆದೂಗಿದರು. ಟಾಮ್‌ನ ಉತ್ತರಕ್ಕೆ ಬಂದಾಗ ಕಣ್ಣು ತೆರೆದು, “ಆ ಪ್ರಶ್ನೆಯೇ ಬಲೆ” ಎಂದರು. ಆಮೇಲೆ ಕೇಳಿದರು:

“ಜ್ಯೂರಿಯವರು ಯಾರು?”

“ಊರಿನವರೇ.”

“ನಮ್ಮಲ್ಲಿ ಈಗ ಜ್ಯೂರಿ ಇಲ್ಲ. ಸಾಕ್ಷಿಗಳಿದ್ದಾರೆ. ಅವರೂ ಊರಿನವರೇ.”

ಅಷ್ಟು ಹೇಳಿ ಜಗುಲಿಗೆ ಹೋದರು. ಕೊಟ್ಟಿಗೆಯ ಆ ಹೆಂಗಸಿನ ವಿಷಯ ನಾವಿಬ್ಬರೂ ಎತ್ತಲಿಲ್ಲ. ಅದು ನಮ್ಮಿಬ್ಬರ ನಡುವೆ ಕೂತೇ ಇತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಕಾದಂಬರಿ ಧೈರ್ಯಕ್ಕೆ ಕೊಡುವ ಅರ್ಥ ಆಮೇಲೆ, ನಾನೇ ಕಾಲೇಜಿನಲ್ಲಿ ಪಾಠ ಹೇಳತೊಡಗಿದಾಗ ಸ್ಪಷ್ಟವಾಗುತ್ತಾ ಬಂತು. ಹುಚ್ಚುನಾಯಿಯನ್ನು ಒಂದೇ ಗುಂಡಿಗೆ ಉರುಳಿಸಿದ ಅಪ್ಪನನ್ನು ಮಕ್ಕಳು ಬೆರಗಿನಿಂದ ನೋಡುತ್ತಾರೆ. ಆ್ಯಟಿಕಸ್‌ಗೆ ಆ ಮೆಚ್ಚುಗೆ ಬೇಡ. ಅವನು ಮಗನನ್ನು ಬೇರೆ ಕಡೆಗೆ ಕಳಿಸುತ್ತಾನೆ: ದಾರಿಹೋಕರನ್ನೆಲ್ಲ ಬೈಯುವ ಮುದುಕಿ ಮಿಸೆಸ್ ಡುಬೋಸ್‌ಳ ಹಾಸಿಗೆಯ ಬಳಿಗೆ. ಅವಳ ಕಮೇಲಿಯಾ ಗಿಡಗಳನ್ನು ತರಿದ ತಪ್ಪಿಗೆ ಜೆಮ್ ದಿನವೂ ಹೋಗಿ ಅವಳಿಗೆ ಪುಸ್ತಕ ಓದಬೇಕು. ಅಲಾರಂ ಗಡಿಯಾರ ದಿನದಿಂದ ದಿನಕ್ಕೆ ತಡವಾಗಿ ಬಡಿಯುತ್ತದೆ. ಅವಳು ಮಾರ್ಫೀನ್ ಚಟದಿಂದ ಬಿಡಿಸಿಕೊಳ್ಳುತ್ತಿದ್ದಳು, ಯಾರ ಹಂಗೂ ಇಲ್ಲದೆ ಸಾಯಬೇಕೆಂದಿದ್ದಳು ಎಂಬುದು ಅವಳು ಸತ್ತ ಮೇಲೆ ಮಕ್ಕಳಿಗೆ ತಿಳಿಯುತ್ತದೆ. ಅದೇ ಮುದುಕಿ ಕಪ್ಪು ಜನರ ಪರ ನಿಂತ ಆ್ಯಟಿಕಸ್‌ನನ್ನು ಮಕ್ಕಳೆದುರೇ ಹೀನಾಯವಾಗಿ ಬೈದವಳು. ಅವಳನ್ನೇ ತಾನು ಕಂಡ ಅತಿ ಧೈರ್ಯವಂತೆ ಎಂದು ಮಕ್ಕಳಿಗೆ ತೋರಿಸುತ್ತಾನೆ ಅಪ್ಪ. ಸೋಲು ಖಚಿತವೆಂದು ಗೊತ್ತಿದ್ದೂ ಹೊರಟು, ಕೊನೆಯವರೆಗೂ ಬಿಡದೆ ನಡೆಯುವುದೇ ಧೈರ್ಯ ಎಂದು ಅವನ ಎಣಿಕೆ.

ಈ ಮಾತನ್ನು ವಿದ್ಯಾರ್ಥಿಗಳಿಗೆ ಹೇಳುವಾಗೆಲ್ಲ ನಾನು ಇನ್ನೊಂದನ್ನು ಸೇರಿಸುತ್ತೇನೆ. ಕೋರ್ಟಿನಲ್ಲಿ ಆ್ಯಟಿಕಸ್ ಮಾತಾಡಿದ, ನಿಜ. ಅವನಿಗಿಂತ ದೊಡ್ಡ ಅಪಾಯದಲ್ಲಿ ನಿಂತು ಮಾತಾಡಿದವನು ಟಾಮ್. ಸುಳ್ಳು ಹೇಳಿ ತಲೆ ತಗ್ಗಿಸಿದ್ದರೆ ಅವನಿಗೆ ಸುಲಭವಿತ್ತೋ ಏನೋ. ಅವನು ಕಂಡದ್ದನ್ನು ಹೇಳಿದ. ಆ್ಯಟಿಕಸ್ ಸೋತರೆ ಮನೆಗೆ ಹೋಗುತ್ತಾನೆ. ಟಾಮ್ ಹೋಗುವುದು ಜೈಲಿಗೆ. ಅಲ್ಲಿ ತಪ್ಪಿಸಿಕೊಳ್ಳಲು ಬೇಲಿ ಹತ್ತುವಾಗ ಕಾವಲುಗಾರರ ಗುಂಡುಗಳು ಅವನ ಮೈಹೊಕ್ಕವು. ಮೈಮೇಲೆ 17 ಗುಂಡಿನ ಗಾಯಗಳು.

2015ರ ಜುಲೈಯಲ್ಲಿ ‘ಗೋ ಸೆಟ್ ಎ ವಾಚ್‌ಮನ್’ ಪ್ರಕಟವಾಯಿತು. ಲೀ ಇದನ್ನು ಬರೆದದ್ದು ‘ಮಾಕಿಂಗ್‌ಬರ್ಡ್’ಗಿಂತ ಮೊದಲು, ಸಂಪಾದಕಿ ಟೇ ಹೋಹಾಫ್ ಆ ಹಸ್ತಪ್ರತಿಯನ್ನು ಓದಿದ ಮೇಲೆ ಸ್ಕೌಟ್‌ಳ ಬಾಲ್ಯದ ಕಥೆ ರೂಪುಗೊಂಡಿತು. ಇಲ್ಲಿ ಸ್ಕೌಟ್‌ಗೆ ಇಪ್ಪತ್ತಾರು. ನ್ಯೂಯಾರ್ಕಿನಿಂದ ಊರಿಗೆ ಬಂದವಳು, ಬಾಲ್ಯದಲ್ಲಿ ಅಪ್ಪನ ವಾದ ಕೇಳಿದ ಅದೇ ಕೋರ್ಟಿನ ಅದೇ ಬಾಲ್ಕನಿಯಿಂದ ಕೆಳಗೆ ನೋಡುತ್ತಾಳೆ. ವರ್ಣಭೇದವನ್ನು ಉಳಿಸಿಕೊಳ್ಳಲು ಸೇರಿದ ಬಿಳಿಯರ ಸಭೆಯಲ್ಲಿ ಅಪ್ಪ ಕೂತಿದ್ದಾನೆ. ಮಕ್ಕಳಿಗೆ ಆ್ಯಟಿಕಸ್ ಎಂದು ಹೆಸರಿಟ್ಟಿದ್ದ ಅಮೆರಿಕದ ತಂದೆತಾಯಿಯರು ಕಂಗಾಲಾದರು. ಎಷ್ಟೋ ಓದುಗರು ಮೋಸ ಹೋದೆವೆಂದರು. ಅಷ್ಟರಲ್ಲಿ ನನ್ನ ಅಪ್ಪ ತೀರಿಕೊಂಡಿದ್ದರು. ನಾನು ಆ ಪುಸ್ತಕವನ್ನು ಅವರ ಹಳೆಯ ಆರಾಮಕುರ್ಚಿಯಲ್ಲಿ ಕೂತು ಓದಿ ಮುಗಿಸಿದೆ. ನನಗೆ ಆಘಾತವಾಗಲಿಲ್ಲ. ಕಾನೂನಿನ ಮುಂದೆ ಒಬ್ಬ ಮನುಷ್ಯನಿಗೆ ಪ್ರಾಣ ಒತ್ತೆಯಿಟ್ಟು ನ್ಯಾಯ ಕೊಡಿಸುವವನು, ಅವನು ತನ್ನ ಸಮಕ್ಕೆ ಬಂದು ಕೂರುವುದನ್ನು ಸಹಿಸದೇ ಇರಬಲ್ಲ ಎಂಬುದು ನನಗೆ ಹೊಸ ಸುದ್ದಿಯಲ್ಲ. ಅರ್ಜಿ ತಿದ್ದುತ್ತಾ ತಲೆ ಎತ್ತದೆ ಕೂತಿದ್ದ ಮನುಷ್ಯನನ್ನು ನಾನು ಪ್ರೀತಿಸಿದ್ದೆ, ಈಗಲೂ ಪ್ರೀತಿಸುತ್ತೇನೆ.

ಶಿವರಾಮ ಕಾರಂತರ ‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ. ಸ್ಕೌಟ್‌ಳ ಕಥೆ ಶುರುವಾಗುವುದೂ ಅದೇ ವರ್ಷದ ಬೇಸಿಗೆಯಲ್ಲಿ. ತರಗತಿಯಲ್ಲಿ ಇವೆರಡನ್ನೂ ಒಟ್ಟಿಗೆ ಓದಿಸುವುದು ನನ್ನ ಪದ್ಧತಿಯಾಯಿತು. ಕಾರಂತರ ಜಮೀನುದಾರ ಸಂಕಪ್ಪಯ್ಯ ಕೆಟ್ಟವನಲ್ಲ. ತನ್ನ ಅಸ್ಪೃಶ್ಯ ಆಳು ಚೋಮನಿಗೆ ಬೇಸಾಯಕ್ಕೆ ತುಂಡು ಭೂಮಿ ಕೊಡಲು ಅವನಿಗೆ ಮನಸ್ಸಿದೆ. ತಾಯಿ ಒಪ್ಪುವುದಿಲ್ಲ, ಮಗ ಸುಮ್ಮನಾಗುತ್ತಾನೆ. ಆ ಸುಮ್ಮನಿರುವಿಕೆಯಲ್ಲಿ ಚೋಮನ ಬದುಕು ಮುಗಿದುಹೋಗುತ್ತದೆ. ಬಣ್ಣವೂ ಜಾತಿಯೂ ಒಂದೇ ಅಲ್ಲ, ಅವುಗಳ ಚರಿತ್ರೆ ಬೇರೆ, ಕಟ್ಟುಪಾಡು ಬೇರೆ. ಆದರೂ ಎರಡೂ ಕಡೆಯ ನೊಂದವರು ಒಬ್ಬರನ್ನೊಬ್ಬರು ಗುರುತಿಸಿದ್ದಾರೆ. ಅಂಬೇಡ್ಕರ್ ಅವರು ಕಪ್ಪು ಜನರ ಚಿಂತಕ ಡುಬಾಯ್ಸ್‌ಗೆ 1946ರಲ್ಲಿ ಪತ್ರ ಬರೆದು, ವಿಶ್ವಸಂಸ್ಥೆಯ ಮುಂದೆ ಆ ಜನ ಇಡುವ ಮನವಿಯ ಬಗ್ಗೆ ವಿಚಾರಿಸಿದ್ದರು. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನೇ ಅಮೆರಿಕದ ಕಪ್ಪು ಜನರ ಸಂಘಟನೆ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ ಪಡೆಯಿತು.

ಮಗಳು ಅಟ್ಲಾಂಟಾದಲ್ಲಿ ಕೆಲಸಕ್ಕೆ ಸೇರಿದ ಮೇಲೆ, 2019ರಲ್ಲಿ ಅವಳ ಜೊತೆ ಅಲಬಾಮಕ್ಕೆ ಹೋದೆ. ಮಾಂಟ್ಗೊಮರಿಯಿಂದ ಮನ್ರೋವಿಲ್ ಸುಮಾರು 100 ಮೈಲಿ. ದಾರಿಯುದ್ದಕ್ಕೂ ಪೈನ್ ಮರಗಳು, ಕೆಂಪು ಮಣ್ಣು. ಆ ಮಣ್ಣಿನ ಬಣ್ಣ ನನಗೆ ತೀರ ಪರಿಚಿತ. ಊರ ನಡುವಿನ ಹಳೆಯ ಕೋರ್ಟು ಈಗ ಮ್ಯೂಸಿಯಂ. ಸಿನಿಮಾದವರು ಅದರ ಅಳತೆ ತೆಗೆದುಕೊಂಡು ಹೋಗಿ ಹಾಲಿವುಡ್‌ನಲ್ಲಿ ಅಂಥದೇ ಕಟ್ಟಿಕೊಂಡಿದ್ದರು. ಪ್ರತಿ ವಸಂತದಲ್ಲಿ ಊರಿನ ಜನರೇ ಕಾದಂಬರಿಯನ್ನು ನಾಟಕವಾಗಿ ಆಡುತ್ತಾರೆ. ಲೀ ಬೆಳೆದ ಮನೆ ಉಳಿದಿಲ್ಲ. ಆ ಜಾಗದಲ್ಲಿ ಐಸ್‌ಕ್ರೀಮ್ ಮಾರುವ ಅಂಗಡಿಯೊಂದಿತ್ತು. ಮೆಟ್ಟಿಲು ಹತ್ತಿ ಬಾಲ್ಕನಿಯಲ್ಲಿ ಕೂತೆ. ಕಾದಂಬರಿಯಲ್ಲಿ ಕಪ್ಪು ಜನರಿಗೆ ಗೊತ್ತುಮಾಡಿದ ಜಾಗ ಅದು. ಕೆಳಗೆ ಜಾಗವಿಲ್ಲದೆ ಮಕ್ಕಳೂ ಅಲ್ಲೇ ಬಂದು ಕೂರುತ್ತಾರೆ. ಮೇಲಿನಿಂದ ನ್ಯಾಯಾಧೀಶರ ಪೀಠ, ಜ್ಯೂರಿಯ ಸಾಲು, ಕಟಕಟೆ ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಕೆಳಗೆ ಕೂತವರಿಗೆ ಅಷ್ಟು ಕಾಣುವುದಿಲ್ಲ.

ಇದೇ ಮನ್ರೋ ಕೌಂಟಿಯ ಮರ ಕಡಿಯುವ ಕೆಲಸದ ವಾಲ್ಟರ್ ಮೆಕ್‌ಮಿಲಿಯನ್ ಎಂಬ ಕಪ್ಪು ಮನುಷ್ಯನನ್ನು 1987ರಲ್ಲಿ ಬಿಳಿಯ ಯುವತಿಯೊಬ್ಬಳ ಕೊಲೆ ಆರೋಪದ ಮೇಲೆ ಬಂಧಿಸಿದರು. ಕೊಲೆಯ ಹೊತ್ತಿನಲ್ಲಿ ಅವನು ಮನೆಯಲ್ಲಿದ್ದ. ನೋಡಿದ ಸಾಕ್ಷಿಗಳು ಎಷ್ಟೋ ಜನ. ಅವರಲ್ಲಿ ಹೆಚ್ಚಿನವರು ಕಪ್ಪು ಜನ. ವಿಚಾರಣೆಗೂ ಮುನ್ನವೇ ಅವನನ್ನು ಮರಣದಂಡನೆಯ ಕೈದಿಗಳ ಜೊತೆ ಇರಿಸಿದರು. ಜ್ಯೂರಿ ಜೀವಾವಧಿ ಸಾಕೆಂದರೂ ನ್ಯಾಯಾಧೀಶರು ಅದನ್ನು ಮರಣದಂಡನೆಗೆ ಏರಿಸಿದರು. ವಕೀಲ ಬ್ರಯನ್ ಸ್ಟೀವನ್‌ಸನ್ ವರ್ಷಗಟ್ಟಲೆ ಹೋರಾಡಿ 1993ರಲ್ಲಿ ಅವನನ್ನು ಬಿಡಿಸಿಕೊಂಡರು. ಅವರ ‘ಜಸ್ಟ್ ಮರ್ಸಿ’ ಪುಸ್ತಕದಲ್ಲಿ ಇದೆಲ್ಲ ಇದೆ. ಕಾದಂಬರಿ ಬಂದು ಕಾಲು ಶತಮಾನ ದಾಟಿತ್ತು, ಊರು ಆ ಕಾದಂಬರಿಯ ಬಗ್ಗೆ ಹೆಮ್ಮೆಪಡುತ್ತಿತ್ತು. ಟಾಮ್‌ನಂಥ ಇನ್ನೊಬ್ಬ ಮನುಷ್ಯ ಅದೇ ಹೊತ್ತಿಗೆ ಸಾವಿನ ಕೋಣೆಯಲ್ಲಿದ್ದ. ಪುಸ್ತಕವನ್ನು ಪ್ರೀತಿಸುವುದು ಮತ್ತು ಅದು ಹೇಳಿದ್ದನ್ನು ಕೇಳಿಸಿಕೊಳ್ಳುವುದು ಬೇರೆ ಬೇರೆ ಕೆಲಸಗಳೆಂದು ಮನ್ರೋವಿಲ್ ನನಗೆ ಕಲಿಸಿತು.

ಸ್ಟೀವನ್‌ಸನ್ ಅವರ ಸಂಸ್ಥೆ ಮಾಂಟ್ಗೊಮರಿಯಲ್ಲಿ 2018ರಲ್ಲಿ ಒಂದು ಸ್ಮಾರಕ ತೆರೆಯಿತು. ಗುಂಪುಹತ್ಯೆಗೆ ಬಲಿಯಾದ 4,400ಕ್ಕೂ ಹೆಚ್ಚು ಕಪ್ಪು ಜನರ ನೆನಪಿಗೆ 800ಕ್ಕೂ ಹೆಚ್ಚು ಉಕ್ಕಿನ ಕಂಬಗಳು, ಒಂದೊಂದು ಕೌಂಟಿಗೆ ಒಂದೊಂದು. ಮೊದಲು ಅವು ನಮ್ಮ ಎತ್ತರಕ್ಕೆ ನಿಂತಿರುತ್ತವೆ. ನಡೆಯುತ್ತಾ ಹೋದಂತೆ ನೆಲ ಇಳಿಯುತ್ತದೆ, ಕಂಬಗಳು ತಲೆಯ ಮೇಲೆ ತೂಗತೊಡಗುತ್ತವೆ. ಕೊಲ್ಲಲು ಕೊಟ್ಟ ಕಾರಣಗಳನ್ನೂ ಅಲ್ಲಿ ಬರೆದಿದ್ದಾರೆ: ಬಿಳಿಯ ಹೆಂಗಸಿಗೆ ಚೀಟಿ ಬರೆದದ್ದು, ನೀರು ಕೇಳಿದ್ದು, ಎದುರುತ್ತರ ಕೊಟ್ಟದ್ದು. ಎಲ್ಲವೂ ಸಮಾನನಂತೆ ನಡೆದುಕೊಂಡ ಅಪರಾಧಗಳು.

ಕಾದಂಬರಿಯ ಮಿತಿಗಳನ್ನು ನಾನು ತರಗತಿಯಲ್ಲಿ ಮುಚ್ಚಿಡುವುದಿಲ್ಲ. ಫಿಂಚ್ ಮನೆಯ ಅಡುಗೆಯಾಕೆ ಕಲ್ಪರ್ನಿಯಾ ಮಕ್ಕಳನ್ನು ಸಾಕಿದವಳು, ಸ್ಕೌಟ್‌ಗೆ ಅಕ್ಷರ ತಿದ್ದಿಸಿದವಳು. ಅವಳು ತನ್ನ ಚರ್ಚಿಗೆ ಕರೆದೊಯ್ದ ದಿನವಷ್ಟೇ, ಅವಳಿಗೂ ಒಂದು ಮನೆ, ಒಂದು ಬೇರೆಯ ಆಡುಮಾತು, ತನ್ನದೇ ಬಳಗ ಇದೆಯೆಂದು ಮಕ್ಕಳು ಅರಿಯುತ್ತಾರೆ. ಆಮೇಲೆ ಬಾಗಿಲು ಮುಚ್ಚುತ್ತದೆ. ಟಾಮ್‌ನ ಹೆಂಡತಿ ಹೆಲೆನ್‌ಗೆ ಕಾದಂಬರಿಯಲ್ಲಿ ಮಾತೇ ಕಡಿಮೆ. ಅದಕ್ಕೇ ಅವಳ ಹೇಳಿಕೆಯನ್ನು ನೀವು ಬರೆಯಿರಿ ಎಂದು ವಿದ್ಯಾರ್ಥಿಗಳಿಗೆ ಹೇಳತೊಡಗಿದೆ.

ಮೊದಲ ಸಲ ಆ ಕೆಲಸ ಕೊಟ್ಟಾಗ, ಮನೆಯಲ್ಲೇ ಮೊದಲಿಗಳಾಗಿ ಕಾಲೇಜು ಹತ್ತಿದ ಹುಡುಗಿಯೊಬ್ಬಳು ಕಾದಂಬರಿಯ ಒಂದು ಸಣ್ಣ ವಿವರವನ್ನು ಹಿಡಿದಳು. ಯೂಯೆಲ್‌ಗಳ ಕಾಟ ತಪ್ಪಿಸಿಕೊಳ್ಳಲು ಹೆಲೆನ್ ಕೆಲಸಕ್ಕೆ ಹೋಗುವಾಗ ಹೆಚ್ಚುಕಡಿಮೆ ಒಂದು ಮೈಲಿ ಸುತ್ತು ಹಾಕಿ ನಡೆಯುತ್ತಾಳೆ. ಹುಡುಗಿ ಆ ಸುತ್ತುದಾರಿಯ ಬಗ್ಗೆಯೇ ಪುಟಗಟ್ಟಲೆ ಬರೆದಿದ್ದಳು. ದಾರಿಯಲ್ಲಿ ಸಿಗುವ ಮುಳ್ಳು, ತಡವಾದದ್ದಕ್ಕೆ ಕತ್ತರಿಸುವ ಕೂಲಿ, ಮನೆಯಲ್ಲಿ ಕಾಯುವ ಮಕ್ಕಳು. ಕೊನೆಗೆ ಹೆಲೆನ್‌ಳ ಬಾಯಲ್ಲಿ ಮೇಯೆಲ್ಲಾಳ ಬಗ್ಗೆ ಒಂದು ಮಾತು ಹೇಳಿಸಿದ್ದಳು: ನನ್ನ ಗಂಡ ಅವಳಿಗೆ ಪಾಪ ಅಂದದ್ದು ಸರಿ, ಅವಳು ಅವನಿಗೆ ಪಾಪ ಅನ್ನಲಿಲ್ಲವಲ್ಲ. ತನ್ನ ಅಮ್ಮನೂ ಮೇಲಿನ ಕೇರಿಯ ಬೀದಿ ತಪ್ಪಿಸಿ ಕೆರೆ ಏರಿಯ ಮೇಲೆ ನಡೆದು ಗದ್ದೆಗೆ ಹೋಗುತ್ತಿದ್ದಳೆಂದು ಅವಳು ತರಗತಿಯಲ್ಲಿ ಎದ್ದು ನಿಂತು ಹೇಳಿದಳು. ಯಾರೂ ಅವಳ ಮಾತನ್ನು ತಡೆಯಲಿಲ್ಲ.

ಹಾರ್ಪರ್ ಲೀ 2016ರ ಫೆಬ್ರವರಿಯಲ್ಲಿ ತೀರಿಕೊಂಡರು. ಬಿಳಿಯ ವಕೀಲನ ಮಗಳ ಕಣ್ಣಿಗೆ ಎಟುಕಿದಷ್ಟನ್ನು ಅವರು ಪ್ರಾಮಾಣಿಕವಾಗಿ ಬರೆದರು. ಬ್ರಾಹ್ಮಣ ವಕೀಲರ ಮಗಳಾದ ನನ್ನ ಕಣ್ಣಿನ ಅಳತೆಯೂ ಅಷ್ಟೇ. ಸುತ್ತುದಾರಿಯಲ್ಲಿ ನಡೆದವರ ಮಕ್ಕಳು ಈಗ ಓದುತ್ತಿದ್ದಾರೆ, ಬರೆಯುತ್ತಿದ್ದಾರೆ. ಟಾಮ್‌ನ ಕಥೆಯ ಉಳಿದ ಭಾಗವನ್ನು ನಾನು ಅವರಿಂದ ಕೇಳುತ್ತಿದ್ದೇನೆ.